ಡರ್ಹಮ್‌ನ ಒಂದು ಮರದ ಮನೆ ಅಮೆರಿಕದ ರಾಷ್ಟ್ರೀಯ ಸ್ಮಾರಕವಾದದ್ದು ಹೇಗೆ?

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್ ನಗರದಲ್ಲಿ ಕ್ಯಾರಲ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಅಲ್ಲಿನ 906ನೇ ನಂಬರಿನ ಮನೆ ಬಂಗಲೆಯೇನಲ್ಲ. 1898ರಲ್ಲಿ ಎದ್ದ ಸಾಧಾರಣ ಮರದ ಮನೆ. ಅಲ್ಲಿ ಯಾವ ಯುದ್ಧವೂ ನಡೆದಿಲ್ಲ, ಯಾವ ಒಪ್ಪಂದಕ್ಕೂ ಸಹಿ ಬಿದ್ದಿಲ್ಲ. ಆದರೂ 2016ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಆ ಮನೆಗೆ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಪಟ್ಟ ಕೊಟ್ಟಿತು. ಇಡೀ ದೇಶದ ಚರಿತ್ರೆಗೆ ಮುಖ್ಯವಾದ ಜಾಗ ಅಂತ ಅರ್ಥ. ಅಷ್ಟು ದೊಡ್ಡ ದೇಶದಲ್ಲಿ ಈ ಪಟ್ಟ ಇರುವುದು ಸುಮಾರು 2600 ಜಾಗಗಳಿಗೆ ಮಾತ್ರ.

ಆ ಮನೆಯಲ್ಲಿ ಬೆಳೆದವರು ಪಾಲಿ ಮರ್ರೆ. ಲೇಖಕರು, ಕವಿ, ವಕೀಲರು, ನಾಗರಿಕ ಹಕ್ಕುಗಳಿಗಾಗಿ ಬದುಕಿಡೀ ಹೋರಾಡಿದವರು, ಕೊನೆಗೆ ಪಾದ್ರಿ. ಅಮೆರಿಕದ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಕೂರಿಸುವ ಕಾನೂನು ಬಿದ್ದುಹೋದದ್ದರ ಹಿಂದೆ ಅವರ ಕೆಲಸ ಇದೆ. ಹೆಣ್ಣು ಗಂಡು ಅಂತ ಭೇದ ಮಾಡುವ ಕಾನೂನನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದರ ಹಿಂದೆಯೂ ಇದೆ. ಆದರೂ ತುಂಬಾ ಕಾಲ ಅವರ ಹೆಸರು ಹೆಚ್ಚು ಜನರಿಗೆ ಗೊತ್ತಿರಲಿಲ್ಲ.

ಈ ಮನೆಯ ಕತೆ ಹೇಳಬೇಕೆಂದರೆ ಎರಡು ವಿಷಯ ಬಿಡಿಸಬೇಕು. ದೊಡ್ಡ ಕೆಲಸಗಳೆಲ್ಲ ಬೇರೆ ಊರುಗಳಲ್ಲಿ ನಡೆದಿರುವಾಗ ಬಾಲ್ಯದ ಮನೆಗೇ ಯಾಕೆ ಈ ಮಾನ್ಯತೆ? ಮತ್ತೆ, ಸ್ಮಾರಕ ಅಂತ ಘೋಷಣೆ ಆದ ಕೂಡಲೇ ಮನೆ ಉಳಿಯುತ್ತದೆಯೇ? ಎರಡನೆಯದಕ್ಕೆ ಉತ್ತರ: ಉಳಿಯುವುದಿಲ್ಲ. ಅದು ಯಾಕೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಮನೆಯವರ ಪರಿಚಯ ಆಗಲಿ.

ಇಟ್ಟಿಗೆ ಸುಡುವವರ ಮನೆತನ

ಮನೆ ಕಟ್ಟಿಸಿದವರು ಪಾಲಿಯವರ ತಾಯಿಯ ತಂದೆ ರಾಬರ್ಟ್ ಫಿಟ್ಜೆರಾಲ್ಡ್. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ವಿರುದ್ಧದ ಉತ್ತರದ ಪಡೆಯಲ್ಲಿ ಹೋರಾಡಿದವರು. ಯುದ್ಧ ಮುಗಿದ ಮೇಲೆ ದಕ್ಷಿಣಕ್ಕೆ ಬಂದು, ಬಿಡುಗಡೆಯಾದ ಜನರಿಗೆ ಅಕ್ಷರ ಕಲಿಸಿದರು. ಓದು ಕಲಿತರೆ ಚಾಟಿ ಏಟು ಬೀಳುತ್ತಿದ್ದ ನೆಲದಲ್ಲಿ ಮೇಷ್ಟ್ರಾಗುವುದು ಸುಮ್ನೆ ಮಾತಲ್ಲ. ಯುದ್ಧದಲ್ಲಿ ಆದ ಗಾಯದಿಂದ ಅವರ ಕಣ್ಣು ನಿಧಾನಕ್ಕೆ ಮಂಜಾಗುತ್ತಾ ಹೋಗಿ, ಕೊನೆಗೆ ಪೂರ್ತಿ ಕುರುಡಾದರು.

ರಾಬರ್ಟ್ ಅವರ ತಮ್ಮ ರಿಚರ್ಡ್ ಡರ್ಹಮ್‌ನ ದೊಡ್ಡ ಇಟ್ಟಿಗೆ ವ್ಯಾಪಾರಿ. ತಂಬಾಕು ಕಾರ್ಖಾನೆಗಳಿಂದ ಊರು ಬೆಳೆಯುತ್ತಿದ್ದ ಕಾಲ ಅದು, ಇಟ್ಟಿಗೆಗೆ ಬೇಡಿಕೆ ಜೋರಾಗಿತ್ತು. ಡರ್ಹಮ್‌ನ ಸೇಂಟ್ ಜೋಸೆಫ್ಸ್ ಚರ್ಚು ಎದ್ದದ್ದು ಅವರ ಇಟ್ಟಿಗೆಯಿಂದಲೇ. ಕಪ್ಪು ಜನರೇ ನಡೆಸಿದ ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಬ್ಯಾಂಕಿನ ಮೊದಲ ಅಧ್ಯಕ್ಷರೂ ಅವರೇ. ರಿಚರ್ಡ್‌ಗೆ ದೊಡ್ಡ ಮನೆ ಇತ್ತು, ಅದರ ಸುತ್ತ ಮೇಪಲ್ ಮರಗಳು. ಆ ದೊಡ್ಡ ಮನೆ ಇವತ್ತು ಇಲ್ಲ. ಕಣ್ಣು ಕಳೆದುಕೊಂಡ ಅಣ್ಣನ ಸಣ್ಣ ಮರದ ಮನೆ ಉಳಿದಿದೆ.

ಅಜ್ಜಿ ಕಾರ್ನೇಲಿಯಾ ಅವರ ಕತೆ ಇನ್ನೂ ಕಠಿಣ. ಅವರು ಹುಟ್ಟಿದ್ದೇ ಗುಲಾಮರಾಗಿ. ತಾಯಿ ಹ್ಯಾರಿಯೆಟ್, ಸ್ಮಿತ್ ಅನ್ನುವ ಶ್ರೀಮಂತ ಬಿಳಿಯರ ಮನೆಯ ಗುಲಾಮಳು. ಆ ಮನೆಯ ಮಗ ಸಿಡ್ನಿ ಹ್ಯಾರಿಯೆಟ್ ಮೇಲೆ ಅತ್ಯಾಚಾರ ಮಾಡಿದ, ಅದರಿಂದ ಹುಟ್ಟಿದವರು ಕಾರ್ನೇಲಿಯಾ. ಸಿಡ್ನಿಯ ಅಕ್ಕ ಮೇರಿ ರಫಿನ್ ಸ್ಮಿತ್ ಆ ಮಗುವನ್ನು ತನ್ನ ಮನೆಯಲ್ಲೇ ಬೆಳೆಸಿದಳು. ಅಂದರೆ ಕಾರ್ನೇಲಿಯಾ ಆ ಮನೆಯ ರಕ್ತವೂ ಹೌದು, ಆ ಮನೆಯ ಆಸ್ತಿಯೂ ಹೌದು. ಮೇರಿ ಸಾಯುವಾಗ ಕಾರ್ನೇಲಿಯಾ ಹೆಸರಿಗೆ 100 ಎಕರೆ ಬರೆದಿಟ್ಟಳು. ಉಳಿದ ಜಮೀನಿನಲ್ಲಿ ದೊಡ್ಡ ಪಾಲು ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಹೋಯಿತು. ಈ ಕೊನೆಯ ಸಂಗತಿ ನೆನಪಿರಲಿ.

ಪಾಲಿ ಹುಟ್ಟಿದ್ದು 1910ರ ನವೆಂಬರ್ 20ರಂದು, ಬಾಲ್ಟಿಮೋರ್‌ನಲ್ಲಿ. 1914ರಲ್ಲಿ ತಾಯಿ ತೀರಿಕೊಂಡರು. ಆಗ ಪಾಲಿಯನ್ನು ಡರ್ಹಮ್‌ನಲ್ಲಿದ್ದ ದೊಡ್ಡಮ್ಮ ಪಾಲಿನ್ ಕರೆದುಕೊಂಡು ಬಂದು ಸಾಕಿದರು. ದೊಡ್ಡಮ್ಮ ಶಾಲಾ ಶಿಕ್ಷಕಿ. ತಂದೆ ಕಾಯಿಲೆಯಿಂದ ಮಾನಸಿಕ ಆಸ್ಪತ್ರೆ ಸೇರಿದರು. 1923ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಅವರನ್ನು ಕೊಂದ. ಹೀಗೆ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗುವಿಗೆ ಈ ಮನೆಯೇ ಗತಿಯಾಯಿತು. ಕಣ್ಣು ಕಾಣದ ಅಜ್ಜನಿಗೆ ಪತ್ರಿಕೆ ಓದಿ ಹೇಳುವುದು ಮೊಮ್ಮಗುವಿನ ಕೆಲಸ.

ಮನೆಯ ಜಾಗವೂ ಒಂದು ಪಾಠ

ಮನೆಯ ಹಿಂದೆ ಇಳಿಜಾರು. ಆ ಇಳಿಜಾರಿನ ಮೇಲೆ ಮೇಪಲ್‌ವುಡ್ ಸ್ಮಶಾನ. ಪಾಲಿಯವರ ಬಾಲ್ಯದಲ್ಲಿ ಅದು ಬಿಳಿಯರ ಸ್ಮಶಾನ. ಮಳೆ ಬಂದರೆ ಅಲ್ಲಿಂದ ಹರಿದ ನೀರು ಇವರ ಜಾಗಕ್ಕೇ ನುಗ್ಗುತ್ತಿತ್ತು. ಮೇಲಿನವರು ಸತ್ತ ಮೇಲೂ ಮೇಲೆಯೇ, ಕೆಳಗಿನವರು ಬದುಕಿದ್ದಾಗಲೂ ಕೆಳಗೇ. ನೂರು ವರ್ಷ ಆದಮೇಲೆ ಮನೆ ದುರಸ್ತಿಗೆ ಇಳಿದವರಿಗೂ ಈ ನೀರೇ ದೊಡ್ಡ ತಲೆನೋವಾಯಿತು. ಮರದ ಮನೆಗೆ ಗೆದ್ದಲಿನಷ್ಟೇ ಅಪಾಯ ತೇವದಿಂದ. ಅಡಿಪಾಯಕ್ಕೆ ನೀರು ನುಗ್ಗುತ್ತಲೇ ಇದ್ದರೆ ಮೇಲೆ ಎಷ್ಟು ಬಣ್ಣ ಬಳಿದರೂ ಪ್ರಯೋಜನ ಇಲ್ಲ.

ಅಜ್ಜನ ಸಮಾಧಿ ಆ ಸ್ಮಶಾನದ ಬೇಲಿಯ ಈಚೆಗೆ, ತಮ್ಮ ಮನೆತನದ ಜಾಗದಲ್ಲಿತ್ತು. ಬೇಲಿಯ ಆಚೆ ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಸೈನಿಕರ ಸಮಾಧಿಗಳ ಮೇಲೆ ಅವರ ಬಾವುಟಗಳು ಸಾಲಾಗಿ ಹಾರುತ್ತಿದ್ದವು. ಈಚೆ ಅಜ್ಜನ ಸಮಾಧಿಯ ಮೇಲೆ ಪಾಲಿ ನೆಟ್ಟ ಒಂದೇ ಒಂದು ಅಮೆರಿಕದ ಬಾವುಟ. ದೇಶವನ್ನು ಉಳಿಸಲು ಹೋರಾಡಿದವರು ನಮ್ಮಜ್ಜ, ಆದ್ದರಿಂದ ಈ ದೇಶ ನಮ್ಮದೂ ಹೌದು ಅನ್ನುವುದು ಆ ಮಗುವಿಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. 1956ರಲ್ಲಿ ಅವರು ಬರೆದ ‘ಪ್ರೌಡ್ ಶೂಸ್’ ಅನ್ನುವ ಮನೆತನದ ಚರಿತ್ರೆ ಈ ಬಾವುಟದ ಚಿತ್ರದೊಂದಿಗೇ ಮುಗಿಯುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ. ಸ್ಮಾರಕದ ನಿಯಮಗಳ ಪ್ರಕಾರ ಒಬ್ಬರ ಹುಟ್ಟಿದ ಮನೆಗೆ ಅಥವಾ ಸಮಾಧಿಗೆ ಸುಲಭವಾಗಿ ಪಟ್ಟ ಸಿಗುವುದಿಲ್ಲ. ಅವರು ಕೆಲಸ ಮಾಡಿದ ಜಾಗಕ್ಕೇ ಬೆಲೆ ಜಾಸ್ತಿ. ಪಾಲಿ 1926ರಲ್ಲಿ, ಇನ್ನೂ 15 ತುಂಬಿದ ವಯಸ್ಸಿನಲ್ಲೇ, ಡರ್ಹಮ್‌ನ ಹಿಲ್‌ಸೈಡ್ ಹೈಸ್ಕೂಲ್ ಮುಗಿಸಿ ನ್ಯೂಯಾರ್ಕ್ ಸೇರಿದರು. ಆಮೇಲಿನ ಬದುಕೆಲ್ಲ ಊರಿಂದೂರಿಗೆ. ಆದರೆ ಅವರ ಮುಖ್ಯ ಪುಸ್ತಕಕ್ಕೆ ಈ ಮನೆಯೇ ವಸ್ತು. ಅವರ ವಾದಗಳಿಗೂ ಈ ಮನೆಯ ಬದುಕೇ ಬೇರು. ಲೇಖಕರ ಮೇಜು, ಪೆನ್ನು, ಕುರ್ಚಿ ಇಟ್ಟು ತೋರಿಸುವ ಮನೆ ಇದಲ್ಲ. ಅವರ ಪತ್ರಗಳು, ದಿನಚರಿಗಳೆಲ್ಲ ಹಾರ್ವರ್ಡ್‌ನ ಶ್ಲೆಸಿಂಗರ್ ಲೈಬ್ರರಿಯಲ್ಲಿವೆ.

ಮನೆಯಿಂದ ಕೋರ್ಟಿಗೆ

1896ರಲ್ಲಿ ಪ್ಲೆಸಿ ವಿರುದ್ಧ ಫರ್ಗ್ಯೂಸನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸೌಲಭ್ಯ ಸಮನಾಗಿದ್ದರೆ ಸಾಕು, ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವುದು ತಪ್ಪಲ್ಲ ಅಂತ. ಅದಾದ ಎರಡೇ ವರ್ಷಕ್ಕೆ ಕ್ಯಾರಲ್ ಸ್ಟ್ರೀಟಿನ ಮನೆ ಎದ್ದಿತು. ಬಸ್ಸು, ಶಾಲೆ, ಸ್ಮಶಾನ ಎಲ್ಲವೂ ಬೇರೆ ಬೇರೆಯಾಗಿದ್ದ ಕಾಲದಲ್ಲಿ ಆ ಮನೆಯ ಮಗು ಬೆಳೆಯಿತು. ಸಮ ಅನ್ನುವುದು ಬರೀ ಕಾಗದದ ಮಾತು ಅಂತ ದಿನಾ ನೋಡುತ್ತಲೇ ಬೆಳೆಯಿತು.

1938ರಲ್ಲಿ ಪಾಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ನಿಮ್ಮ ಜನಾಂಗದವರನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಉತ್ತರ ಬಂತು. ಅಜ್ಜಿಯನ್ನು ಆಸ್ತಿಯಾಗಿ ಇಟ್ಟುಕೊಂಡಿದ್ದ ಮನೆತನದ ಜಮೀನು ಪಡೆದಿದ್ದ ವಿಶ್ವವಿದ್ಯಾಲಯ ಅದು. ಮನೆಯಿಂದ 20 ಕಿಲೋಮೀಟರ್ ಆಸುಪಾಸಿನ ದೂರ. ಓದುವಾಗ ಎದೆ ಕುದಿಯುತ್ತದೆ.

1940ರ ಈಸ್ಟರ್ ಹೊತ್ತಿಗೆ ಪಾಲಿ ಗೆಳತಿ ಅಡಲೀನ್ ಮೆಕ್‌ಬೀನ್ ಜೊತೆ ನ್ಯೂಯಾರ್ಕ್‌ನಿಂದ ಬಸ್ಸಿನಲ್ಲಿ ಹೊರಟರು. ಹೋಗುತ್ತಿದ್ದದ್ದು ಡರ್ಹಮ್‌ಗೆ, ಮನೆಯವರನ್ನು ನೋಡಲಿಕ್ಕೆ. ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ ಹಿಂದಿನ ಮುರುಕು ಸೀಟಿಗೆ ಹೋಗಲು ಒಪ್ಪದ್ದಕ್ಕೆ ಇಬ್ಬರನ್ನೂ ಬಂಧಿಸಿದರು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದೆ ಹೆಸರಾದ ರೋಸಾ ಪಾರ್ಕ್ಸ್ ಅವರ ಬಂಧನಕ್ಕೆ ಇನ್ನೂ 15 ವರ್ಷ ಇತ್ತು. ಆ ಹೊತ್ತಿಗೆ ಪಾಲಿ ಗಾಂಧೀಜಿಯ ಸತ್ಯಾಗ್ರಹದ ಬಗ್ಗೆ ಓದಿದ್ದರು. ದಂಡಿ ಯಾತ್ರೆಯಲ್ಲಿ ನಡೆದು, ಆಮೇಲೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಕೃಷ್ಣಲಾಲ್ ಶ್ರೀಧರಾಣಿ ಅವರು 1939ರಲ್ಲಿ ಸತ್ಯಾಗ್ರಹದ ವಿಧಾನವನ್ನು ವಿವರಿಸಿ ಇಂಗ್ಲಿಷಿನಲ್ಲಿ ಪುಸ್ತಕ ತಂದಿದ್ದರು. ಅದು ಅಮೆರಿಕದ ಹೋರಾಟಗಾರರ ಕೈಗೆ ಸಿಕ್ಕಿತು. ಪಾಲಿ ಮತ್ತು ಅಡಲೀನ್ ಜೈಲಿನಲ್ಲಿ ಅದನ್ನೇ ಪ್ರಯೋಗ ಮಾಡಿದರು. ಕೂಗಾಡಲಿಲ್ಲ. ಜೈಲಿನ ಅಧಿಕಾರಿಗಳಿಗೆ ಮರ್ಯಾದೆಯಿಂದ ಪತ್ರ ಬರೆದು ತಮ್ಮ ಬೇಡಿಕೆ ಇಟ್ಟರು. ಗುಜರಾತಿನ ಸಮುದ್ರ ತೀರದಿಂದ ಹೊರಟ ಒಂದು ವಿಧಾನ ವರ್ಜೀನಿಯಾದ ಲಾಕಪ್ಪಿನ ತನಕ ಬಂದ ಬಗೆ ಇದು. 1943 ಮತ್ತು 44ರಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಾಷಿಂಗ್ಟನ್‌ನ ಹೋಟೆಲುಗಳಲ್ಲಿ ಧರಣಿ ಕೂತಾಗ ಅವರಿಗೂ ಪಾಲಿಯವರ ಮಾರ್ಗದರ್ಶನ ಇತ್ತು.

ಹಾವರ್ಡ್ ಕಪ್ಪು ಜನರಿಗಾಗಿ ಹುಟ್ಟಿದ ವಿಶ್ವವಿದ್ಯಾಲಯ, ಹಾರ್ವರ್ಡ್ ಬೇರೆ. ಅಲ್ಲಿ ಕಾನೂನು ಓದುವಾಗ ಪಾಲಿ ಒಂದು ವಾದ ಮುಂದಿಟ್ಟರು. ಶಾಲೆ ಸಮನಾಗಿಲ್ಲ ಅಂತ ಒಂದೊಂದೇ ಕೇಸು ಹಾಕುವುದನ್ನು ಬಿಡಿ, ಬೇರ್ಪಡಿಸುವುದೇ ಸಂವಿಧಾನಕ್ಕೆ ವಿರುದ್ಧ ಅಂತ ನೇರವಾಗಿ ಪ್ಲೆಸಿ ತೀರ್ಪಿನ ಬುಡಕ್ಕೇ ಕೈ ಹಾಕಿ ಎಂದರು. ತರಗತಿಯಲ್ಲಿ ನಕ್ಕರು. 25 ವರ್ಷದೊಳಗೆ ಆ ತೀರ್ಪು ಬೀಳುತ್ತದೆ ಅಂತ ಪಾಲಿ ತಮ್ಮ ಪ್ರೊಫೆಸರ್ ಸ್ಪಾಟ್ಸ್‌ವುಡ್ ರಾಬಿನ್ಸನ್ ಜೊತೆ 10 ಡಾಲರ್ ಪಂದ್ಯ ಕಟ್ಟಿದರು. ಹತ್ತೇ ವರ್ಷಕ್ಕೆ, 1954ರಲ್ಲಿ, ಬ್ರೌನ್ ಪ್ರಕರಣದಲ್ಲಿ ಶಾಲೆಗಳ ಮಟ್ಟಿಗೆ ಅದು ಬಿತ್ತು. ಆ ಕೇಸಿನ ವಕೀಲರ ತಂಡದಲ್ಲಿ ರಾಬಿನ್ಸನ್ ಇದ್ದರು. ತಯಾರಿಯ ಹೊತ್ತಿನಲ್ಲಿ ತಮ್ಮ ವಿದ್ಯಾರ್ಥಿ ಪಾಲಿ ಈ ವಾದವನ್ನಿಟ್ಟು ಬರೆದಿದ್ದ ಹಳೆಯ ಪ್ರಬಂಧವನ್ನು ಅವರು ಮತ್ತೆ ತೆಗೆದು ನೋಡಿದ್ದರು. ಅದು ಪಾಲಿಯವರಿಗೆ ಗೊತ್ತಾದದ್ದು ವರ್ಷಗಳ ನಂತರ.

1944ರಲ್ಲಿ ಹಾವರ್ಡ್‌ನಲ್ಲಿ ತರಗತಿಗೆ ಮೊದಲಿಗರಾಗಿ ಪಾಸಾದರೂ ಮುಂದಿನ ಓದಿಗೆ ಹಾರ್ವರ್ಡ್ ಕಾನೂನು ಕಾಲೇಜು ಸೀಟು ಕೊಡಲಿಲ್ಲ. ಈ ಸಲ ಕಾರಣ ಬಣ್ಣ ಅಲ್ಲ, ಹೆಣ್ಣು ಅನ್ನುವುದು. ಒಂದು ಕಡೆ ಕಪ್ಪು ಅಂತ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ಹೆಣ್ಣು ಅಂತ ಮುಚ್ಚಿದರು. ಎರಡು ಭೇದಗಳೂ ಒಂದೇ ಬಗೆಯವು ಅಂತ ಪಾಲಿ ಬರೆದು ವಾದಿಸಿದ್ದು ಈ ಅನುಭವದಿಂದ. 1966ರಲ್ಲಿ ಮಹಿಳೆಯರ ಹಕ್ಕಿಗಾಗಿ ಹುಟ್ಟಿದ ನ್ಯಾಷನಲ್ ಆರ್ಗನೈಸೇಷನ್ ಫಾರ್ ವಿಮೆನ್ ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು. 1971ರಲ್ಲಿ, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಅದೇ ಕೋರ್ಟಿಗೆ ಹೆಣ್ಣು ಗಂಡು ಭೇದದ ವಿರುದ್ಧದ ರೀಡ್ ಪ್ರಕರಣದ ವಾದಪತ್ರ ಸಲ್ಲಿಸುವಾಗ ಪಾಲಿ ಮರ್ರೆ ಮತ್ತು ಇನ್ನೊಬ್ಬ ವಕೀಲೆ ಡೊರೊತಿ ಕೆನ್ಯನ್ ಹೆಸರನ್ನು ಲೇಖಕರ ಸಾಲಿನಲ್ಲಿ ಹಾಕಿದರು. ಅವರಿಬ್ಬರು ಆ ವಾದಪತ್ರವನ್ನು ಬರೆದಿರಲಿಲ್ಲ. ಅದರ ವಿಚಾರ ಅವರದು ಅನ್ನುವ ಋಣಕ್ಕಾಗಿ ಹೆಸರು ಹಾಕಿದ್ದು.

ತಮ್ಮೊಳಗಿನ ಗಂಡು ಭಾವದ ಬಗ್ಗೆಯೂ ಪಾಲಿ ಖಾಸಗಿ ಬರಹಗಳಲ್ಲಿ ಬರೆದುಕೊಂಡಿದ್ದಾರೆ. 1930 ಮತ್ತು 40ರ ದಶಕದಲ್ಲಿ ಹಾರ್ಮೋನ್ ಚಿಕಿತ್ಸೆ ಕೇಳಿಕೊಂಡು ವೈದ್ಯರ ಬಳಿ ಹೋಗಿದ್ದರು, ಯಾರೂ ಕೊಡಲಿಲ್ಲ. ಆ ಕಾಲದಲ್ಲಿ ಇದನ್ನು ಬಹಿರಂಗವಾಗಿ ಹೇಳಿಕೊಳ್ಳುವ ದಾರಿಯೇ ಇರಲಿಲ್ಲ. ಇವತ್ತು ಅವರ ಮನೆ ನೋಡಲು ಬರುವ ಅನೇಕ ಯುವಜನರಿಗೆ ಅವರ ಬದುಕಿನ ಈ ಭಾಗವೂ ಅಷ್ಟೇ ಮುಖ್ಯ.

ಪಟ್ಟ ಕೊಟ್ಟರೆ ಮನೆ ಉಳಿಯುತ್ತದೆಯೇ?

ಇಲ್ಲಿ ಬಹಳ ಜನರಿಗೆ ಗೊಂದಲ ಇದೆ. ಸರ್ಕಾರ ಸ್ಮಾರಕ ಅಂತ ಘೋಷಿಸಿದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಅಮೆರಿಕದಲ್ಲಿ ಹಾಗಿಲ್ಲ.

ಅಲ್ಲಿ 1966ರ ರಾಷ್ಟ್ರೀಯ ಚಾರಿತ್ರಿಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಂದು ದೊಡ್ಡ ಪಟ್ಟಿ ಇದೆ, ನ್ಯಾಷನಲ್ ರಿಜಿಸ್ಟರ್ ಅಂತ. ಅದರಲ್ಲಿ 90 ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಅವುಗಳಲ್ಲಿ ಇಡೀ ದೇಶಕ್ಕೇ ಮುಖ್ಯ ಅನ್ನಿಸಿದ ಕೆಲವಕ್ಕೆ ಮಾತ್ರ ಲ್ಯಾಂಡ್‌ಮಾರ್ಕ್ ಪಟ್ಟ. ಅದನ್ನು ಕೊಡುವವರು ಕೇಂದ್ರದ ಒಳನಾಡು ಖಾತೆಯ ಕಾರ್ಯದರ್ಶಿ. ಪಟ್ಟ ಸಿಕ್ಕರೆ ಗೌರವ ಸಿಗುತ್ತದೆ, ಕಂಚಿನ ಫಲಕ ಸಿಗುತ್ತದೆ, ಅನುದಾನಕ್ಕೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ. ಕೇಂದ್ರ ಸರ್ಕಾರದ ಹಣದಿಂದ ಅಥವಾ ಅನುಮತಿಯಿಂದ ರಸ್ತೆಯೋ ಸೇತುವೆಯೋ ಬರುವುದಾದರೆ, ಈ ಜಾಗಕ್ಕೆ ಏನಾಗುತ್ತದೆ ಅಂತ ಮೊದಲು ಪರಿಶೀಲಿಸಲೇಬೇಕು. ಆದರೆ ಮನೆಯ ಒಡೆಯ ತನ್ನ ಸ್ವಂತ ದುಡ್ಡಿನಲ್ಲಿ ಮನೆ ಕೆಡವಿದರೆ ಆ ಪಟ್ಟ ಅವನನ್ನು ತಡೆಯುವುದಿಲ್ಲ.

ತಡೆಯುವ ಬಲ ಸ್ವಲ್ಪವಾದರೂ ಇರುವುದು ಸ್ಥಳೀಯ ಆಡಳಿತಕ್ಕೆ. ಊರಿನ ಆಡಳಿತವೇ ಒಂದು ಮನೆಯನ್ನು ಸ್ಥಳೀಯ ಸ್ಮಾರಕ ಅಂತ ಸೇರಿಸಬಹುದು. ನಾರ್ತ್ ಕ್ಯಾರೊಲಿನಾದಲ್ಲಿ ಹಾಗೆ ಸೇರಿಸಿದ ಮನೆಯನ್ನು ಕೆಡವಲು ಹೊರಟರೆ 365 ದಿನಗಳ ತನಕ ತಡೆ ಹಿಡಿಯಬಹುದು. ಆ ಒಂದು ವರ್ಷದಲ್ಲಿ ಕೊಳ್ಳುವವರನ್ನೋ ಹಣವನ್ನೋ ಹುಡುಕಬೇಕು. ಎಲ್ಲಕ್ಕಿಂತ ಗಟ್ಟಿ ರಕ್ಷಣೆ ಅಂದರೆ ಒಡೆತನವೇ. ಉಳಿಸಬೇಕು ಅನ್ನುವ ಮನಸ್ಸಿದ್ದವರ ಕೈಯಲ್ಲಿ ಮನೆ ಇರಬೇಕು. ಇಲ್ಲದಿದ್ದರೆ ಕ್ರಯಪತ್ರದ ಜೊತೆಗೇ ಅಂಟಿಕೊಂಡು ಬರುವ ಒಂದು ಕರಾರು ಬರೆಸಬೇಕು. ಮನೆ ಎಷ್ಟು ಕೈ ಬದಲಾದರೂ ಆ ಕರಾರು ಹೊಸ ಒಡೆಯನನ್ನೂ ಕಟ್ಟಿಹಾಕುತ್ತದೆ.

ಡರ್ಹಮ್‌ನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಅಲ್ಲಿನ ಹೇಟೈ ಕಪ್ಪು ಜನರ ಅಂಗಡಿ, ಚರ್ಚು, ಮನೆಗಳಿಂದ ತುಂಬಿದ್ದ ಬಡಾವಣೆ. 1960ರ ದಶಕದಿಂದ ನಗರ ನವೀಕರಣದ ಹೆಸರಲ್ಲಿ, ಹೆದ್ದಾರಿ ಹಾಕಲಿಕ್ಕೆ, ಅದನ್ನು ಕೆಡವಿದರು. ಸುಮಾರು 4000 ಮನೆತನಗಳು, 500 ವ್ಯಾಪಾರಗಳು ಜಾಗ ಕಳೆದುಕೊಂಡವು. ಹೀಗೆ ಬಡಾವಣೆಗಳೇ ಕಣ್ಮರೆಯಾದ ಊರಲ್ಲಿ ಒಂದು ಮನೆ ಉಳಿದದ್ದು ಸುಮ್ನೆ ಅದೃಷ್ಟ ಅನ್ನಲಾಗದು. ಕ್ಯಾರಲ್ ಸ್ಟ್ರೀಟ್‌ನ ಮನೆಯೂ ಪಾಳು ಬಿದ್ದು ಕೆಡವುವ ಹಂತಕ್ಕೆ ಬಂದಿತ್ತು. ಅದನ್ನು ಹಿಡಿದು ನಿಲ್ಲಿಸಿದವರು ನೆರೆಹೊರೆಯವರು ಮತ್ತು ಸ್ಥಳೀಯ ಸಂಘಟನೆಗಳು. ದೊಡ್ಡ ಸಂಸ್ಥೆಗಳು ಆಮೇಲೆ ಜೊತೆಗೂಡಿದವು. ಹಳೆಯ ಜಾಗಗಳನ್ನು ಉಳಿಸಲು ದುಡಿಯುವ ಖಾಸಗಿ ಸಂಸ್ಥೆ ನ್ಯಾಷನಲ್ ಟ್ರಸ್ಟ್ 2015ರಲ್ಲಿ ಇದನ್ನು ತನ್ನ ‘ರಾಷ್ಟ್ರೀಯ ನಿಧಿ’ಗಳ ಪಟ್ಟಿಗೆ ಸೇರಿಸಿತು. ಅದರ ಮರುವರ್ಷ ಕೇಂದ್ರದ ಪಟ್ಟ ಬಂತು. ಈ ಕ್ರಮ ಗಮನಿಸಬೇಕು. ಬೀದಿಯ ಜನ ಮೊದಲು, ಸರ್ಕಾರ ಕೊನೆಗೆ.

ಉಳಿಸಿದ ಮೇಲೆ ಇನ್ನೊಂದು ಪ್ರಶ್ನೆ. ಯಾವ ಕಾಲದ ಮನೆಯಾಗಿ ಉಳಿಸಬೇಕು? ಅಮೆರಿಕದ ನಿಯಮ ನಾಲ್ಕು ದಾರಿ ಹೇಳುತ್ತದೆ. ಇದ್ದದ್ದನ್ನು ಇದ್ದ ಹಾಗೆ ಕಾಪಾಡುವುದು, ಇವತ್ತಿನ ಬಳಕೆಗೆ ಹೊಂದಿಸುವುದು, ಒಂದು ಕಾಲಕ್ಕೆ ಹಿಂದಿರುಗಿಸುವುದು, ಪೂರ್ತಿ ಹೋದದ್ದನ್ನು ಮತ್ತೆ ಕಟ್ಟುವುದು. ಹಿಂದಿರುಗಿಸುವುದಾದರೆ ಆಮೇಲೆ ಸೇರಿದ್ದನ್ನು ತೆಗೆಯಬೇಕು. ಹಾಗೆ ತೆಗೆದದ್ದೂ ಯಾರದೋ ಬದುಕಿನ ಗುರುತೇ. ಹಳೆಯ ಹಲಗೆ ಕೊಳೆತಿದ್ದರೆ ಬದಲಾಯಿಸಲೇಬೇಕು, ಆದರೆ ಎಲ್ಲವನ್ನೂ ಬದಲಾಯಿಸಿದರೆ ಅಜ್ಜ ಕಟ್ಟಿಸಿದ ಮನೆ ಅನ್ನಲು ಏನು ಉಳಿಯಿತು? ಇಂಥ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಒಂದೊಂದು ಗೋಡೆಯ ಮುಂದೆ ನಿಂತು ತೀರ್ಮಾನ ಮಾಡಬೇಕು. ಸಾಧ್ಯವಾದಷ್ಟು ಹಳೆಯದನ್ನೇ ದುರಸ್ತಿ ಮಾಡಿ ಉಳಿಸಬೇಕು ಅನ್ನುವ ಪಕ್ಷ ನನ್ನದು. ಹೊಸ ಮರ ಎಷ್ಟು ಚೆನ್ನಾಗಿದ್ದರೂ ಅದು ಸಾಕ್ಷಿ ಹೇಳಲಾರದು.

ಇಷ್ಟೆಲ್ಲ ಆಗಿ ಮನೆ ಜನರಿಗೆ ತೆರೆದದ್ದು 2024ರಲ್ಲಿ, ಪಾಲಿ ಮರ್ರೆ ಸೆಂಟರ್ ಅನ್ನುವ ಹೆಸರಿನಲ್ಲಿ. ಚರಿತ್ರೆ ಮತ್ತು ಸಾಮಾಜಿಕ ನ್ಯಾಯದ ಕೇಂದ್ರ ಅದು. ಅದೇ ವರ್ಷ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೂ ಪಾಲಿಯವರ ಮುಖ ಬಂತು.

ಮರುವರ್ಷವೇ ಗಾಳಿ ಬದಲಾಯಿತು. 2025ರಲ್ಲಿ ಕೇಂದ್ರ ಸರ್ಕಾರ ಈ ಕೇಂದ್ರಕ್ಕೆ ಕೊಟ್ಟಿದ್ದ ಅನುದಾನ ರದ್ದು ಮಾಡಿತು. ಪಟ್ಟಿಯನ್ನು ನೋಡಿಕೊಳ್ಳುವ, ಒಳನಾಡು ಖಾತೆಗೇ ಸೇರಿದ ನ್ಯಾಷನಲ್ ಪಾರ್ಕ್ ಸರ್ವೀಸ್ ತನ್ನ ಜಾಲತಾಣದಿಂದ ಪಾಲಿಯವರ ಬದುಕಿನ ಪುಟ ತೆಗೆಯಿತು. ಪಟ್ಟ ಕೊಟ್ಟ ಇಲಾಖೆಯೂ ಪುಟ ಅಳಿಸಿದ ಇಲಾಖೆಯೂ ಒಂದೇ.

1977ರ ಜನವರಿಯಲ್ಲಿ ಪಾಲಿ ಎಪಿಸ್ಕೋಪಲ್ ಚರ್ಚಿನ ಪಾದ್ರಿಯಾದರು. ಆ ಚರ್ಚಿನಲ್ಲಿ ಪಾದ್ರಿಯಾದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. ಮುಂದಿನ ತಿಂಗಳು ಅವರು ತಮ್ಮ ಮೊದಲ ಪ್ರಭುಭೋಜನ ನಡೆಸಿದ್ದು ಚಾಪೆಲ್ ಹಿಲ್‌ನ ಚಾಪೆಲ್ ಆಫ್ ದ ಕ್ರಾಸ್‌ನಲ್ಲಿ. ಅಜ್ಜಿ ಕಾರ್ನೇಲಿಯಾಗೆ ಗುಲಾಮ ಮಗುವಾಗಿ ದೀಕ್ಷಾಸ್ನಾನ ಆದದ್ದು ಅದೇ ಚರ್ಚಿನಲ್ಲಿ. 1985ರ ಜುಲೈ 1ರಂದು ಪಾಲಿ ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಆಗ ಕ್ಯಾರಲ್ ಸ್ಟ್ರೀಟ್‌ನ ಮನೆಗೆ ಯಾವ ಫಲಕವೂ ಇರಲಿಲ್ಲ. ಇವತ್ತು ಫಲಕ ಇದೆ, ಒಳಗೆ ಹೋಗಿ ನೋಡಬಹುದು, ಮತ್ತೆ ಅದರ ಬಾಗಿಲು ತೆರೆದಿಡುವ ಖರ್ಚಿನಲ್ಲಿ ಸರ್ಕಾರದ ಪಾಲು ಕಡಿಮೆಯಾದಷ್ಟೂ ಜನರ ದೇಣಿಗೆಯ ಮೇಲಿನ ಭಾರ ಜಾಸ್ತಿಯಾಗುತ್ತದೆ.